ತೊಟ್ಟಿಲಲ್ಲಿ ಡೀಸೆಲ್ಲು

ಲೋಕವೆಲ್ಲ ಬೊಜ್ಜು ಕರಗಿಸಲು ಓಡುತ್ತಿರುವಾಗ ಬೊಜ್ಜು ಬೆಳೆಸಲು ಒದ್ದಾಡುವವರು ಬೈರಾಪಟ್ಟಣದ ನಮ್ಮ ಸೋದರತ್ತೆಯೊಬ್ಬರೇ. ತಮ್ಮದಲ್ಲ ಸ್ವಾಮಿ, ಯೀಸ್ಟಿನದು!

ಅತ್ತೆ ನಿವೃತ್ತ ವಿಜ್ಞಾನದ ಮೇಡಂ. ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಊರವರು ಒಲೆಗೆ ತುರುಕಿದರೆ, ಇವರು ಪುಡಿ ಮಾಡಿ, ಆಸಿಡ್ ಹಾಕಿ ಬೇಯಿಸಿ, ಸಕ್ಕರೆ ನೀರು ಇಳಿಸುತ್ತಾರೆ. ಅದಕ್ಕೆ ಒಂದು ಜಾತಿಯ ಯೀಸ್ಟ್ ಬಿಟ್ಟರೆ ಅದು ತಿಂದೂ ತಿಂದೂ ಮೈಯೊಳಗೆ ಎಣ್ಣೆ ತುಂಬಿಕೊಳ್ಳುತ್ತದಂತೆ. ಆ ಎಣ್ಣೆಯಿಂದ ಡೀಸೆಲ್ಲು! ಕೇಳಿ ತೆರೆದ ನನ್ನ ಬಾಯಿ ಮುಚ್ಚಲೇ ಇಲ್ಲ.

ಮುಚ್ಚುವಷ್ಟರಲ್ಲಿ ತೊಟ್ಟಿಲು ಕಂಡಿತು. ಮಕ್ಕಳಿಲ್ಲದ ಮನೆಯಲ್ಲಿ ತೊಟ್ಟಿಲು! ಯೀಸ್ಟಿಗೆ ಗಾಳಿ ಸಿಗಬೇಕಾದರೆ ಬಾಟಲಿಗಳು ಅಲ್ಲಾಡುತ್ತಿರಬೇಕು. ಅಲ್ಲಾಡಿಸುವ ಯಂತ್ರ ಎಲ್ಲಿಂದ ತರೋಣ? ಅಟ್ಟದ ಮೇಲಿದ್ದ ಬಣ್ಣದ ತೊಟ್ಟಿಲನ್ನು ಇಳಿಸಿ ಅತ್ತೆ ಬಾಟಲಿಗಳನ್ನು ಸಾಲಾಗಿ ಮಲಗಿಸಿಬಿಟ್ಟಿದ್ದರು.

ತೊಟ್ಟಿಲ ಸದ್ದು ಕೇಳಿ ಪಕ್ಕದ ಮನೆಯಾಕೆ ಓಡಿಬಂದು ಇಣುಕಿದಳು.

"ಅಯ್ಯೋ ಸಿವ್ನೇ! ಮೇಡಮ್ಮೋರೇ, ಕೂಸೆಲ್ಲಿ?"

"ಕೂಸಲ್ಲ ಕಣಮ್ಮಿ. ಎಣ್ಣೆ ತೆಗೀತಾ ಇದೀನಿ."

ಆಯಿತಲ್ಲ ಅನಾಹುತ! ನಮ್ಮ ಕಡೆ ಗಂಡಸರ ಕಿವಿಗೆ 'ಎಣ್ಣೆ' ಬಿದ್ದರೆ ಅದಕ್ಕಿರುವುದು ಒಂದೇ ಅರ್ಥ. ಸಂಜೆಗೆ ಮಾವನ ಇಸ್ಪೀಟು ಗೆಳೆಯರೆಲ್ಲ ಲೋಟ ಹಿಡಿದು ಜಗಲಿಯಲ್ಲಿ ಹಾಜರು!

"ಒಸಿ ರುಚಿ ನೋಡಾನ ಅಂತ ಬಂದೊ ಗೌಡ್ರೇ."

ಅತ್ತೆ ಖುಷಿಯಿಂದ ಬಾಟಲಿಯ ಮುಚ್ಚಳ ತೆಗೆದರು. ಮೂಸಿದವನು ಲೋಟ ಬಿಸಾಕಿ ಬೀದಿಗೆ ಓಡಿದ. ಉಳಿದವರು ಸಿಕ್ಕಿಬಿದ್ದು ಸೂಕ್ಷ್ಮಜೀವಿಗಳ ಪಾಠ ಪೂರ್ತಿ ಕೇಳಬೇಕಾಯಿತು. ಪಾಪ, ಯಾರಿಗೆ ಬೇಕು ಈ ಶಿಕ್ಷೆ?

ಮಾವ ಕೆಂಡವಾದರು. "ಬೀದೀಲಿ ತಲೆ ಎತ್ತಂಗಿಲ್ಲ! ನಾಳೀಕೇ ಎಲ್ಲಾನೂ ತಿಪ್ಪೆಗೆ ಸುರಿದ್ಬುಡ್ತೀನಿ!"

ಬೆಳಗಾಗುತ್ತಲೇ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ರಾಮನಗರದ ಆಸ್ಪತ್ರೆಗೆ ಸಾಗಿಸಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಮಾವನನ್ನು ಊಟ ಮಾಡಿ ಬರಲೆಂದು ಮನೆಗೆ ಕಳಿಸಿದೆ. ಸಂಜೆಯಾದರೂ ಆಸಾಮಿ ಪತ್ತೆಯಿಲ್ಲ, ಫೋನೂ ಎತ್ತುತ್ತಿಲ್ಲ! ಅತ್ತೆಯನ್ನು ನರ್ಸಿಗೆ ಒಪ್ಪಿಸಿ ಓಡೋಡಿ ಬೈರಾಪಟ್ಟಣಕ್ಕೆ ಬಂದೆ.

ಮಾವ ನೆಲದ ಮೇಲೆ ಕೂತು ತೊಟ್ಟಿಲು ತೂಗುತ್ತಿದ್ದರು.

"ಮಾವ! ಸುರೀತೀನಿ ಅಂದಿದ್ರಲ್ಲ?"

"ಗಾಳಿ ಸಿಗ್ದೆ ಸತ್ತೋಯ್ತವಂತೆ ಕಣ್ಲಾ. ಅವ್ಳು ಬಂದು ಕೇಳುದ್ರೆ ಏನೇಳ್ಲಿ?"

ಹಗ್ಗ ಬಿಡದೆ ಮೆಲ್ಲಗೆ ಅಂದರು: "ಮದ್ವೆಯಾದ ವರ್ಸವೇ ಆಸೆಬಿದ್ದು ಈ ತೊಟ್ಲ ತಂದ್ಬುಟ್ಟಿದ್ದೆ. ಇವತ್ತೇ ನೋಡ್ಲಾ, ನಾನು ತೂಗ್ತಿರೋದು."

ಆಸ್ಪತ್ರೆಗೆ ನಾನೇ ಹೋಗುತ್ತೇನೆಂದು ಸನ್ನೆ ಮಾಡಿ ತಿರುಗಿದೆ.

"ಲೇ," ಪಿಸುಗುಟ್ಟಿದರು ಮಾವ, "ಬಾಗ್ಲು ಒಸಿ ಮೆತ್ತಗೆ ಹಾಕ್ಕೊಂಡೋಗ್ಲಾ."