ಎದೆ ಕೊಯ್ಯಿಸಿಕೊಳ್ಳದ ಅಪರಾಧಿಯ ಅರಿಕೆ

ಗಂಭೀರ ಕಾಯಿಲೆ ವಿಮೆಯ ಪರಿಹಾರ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ತಮಗೂ, ತಮ್ಮ ಮೇಜಿಗೂ, ಅದರ ಮೇಲಿರುವ ‘ತಿರಸ್ಕೃತ’ ಎಂಬ ರಬ್ಬರ್ ಮೊಹರಿಗೂ ಈ ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಗೆ ಮಾತ್ರ. ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

ಅಂದು ಬೆಳಿಗ್ಗೆ ನಾನು ನಿವೃತ್ತ ಭೂಗೋಳದ ಟೀಚರೊಬ್ಬರಿಗೆ ಕಾರು ಕಲಿಸುತ್ತಿದ್ದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಪದೇ ಪದೇ ನಪಾಸಾಗಿ, ದೂರದಲ್ಲಿ ಸೈಕಲ್ ಕಂಡರೂ ಕಾರು ನಿಲ್ಲಿಸಿ ಅದು ಕಣ್ಮರೆಯಾಗುವವರೆಗೆ ಕಾಯುವ ಸಾಧು ಜೀವ ಅವರು. ರೈಲ್ವೆ ಗೇಟು ದಾಟಿದೊಡನೆ ನನ್ನ ಎದೆಯ ಮೇಲೆ ಯಾರೋ ಕಬ್ಬಿಣದ ಬೀರು ಇಳಿಸಿದಂತಾಗಿ, ಎಡಗೈ ಜೋಮು ಹಿಡಿದು, ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಟೀಚರು ನನ್ನ ಮುಖವನ್ನೊಮ್ಮೆ ನೋಡಿ, “ಮೇಷ್ಟ್ರೇ, ಆಸ್ಪತ್ರೆ ಯಾವ ಕಡೆ? ಮಾತಾಡ್ಬೇಡಿ, ಕೈ ತೋರ್ಸಿ ಸಾಕು” ಎಂದರು. ಖಂಡಗಳನ್ನೆಲ್ಲ ಪಾಠ ಮಾಡಿದವರಿಗೂ ಊರೊಳಗಿನ ಆಸ್ಪತ್ರೆ ಗೊತ್ತಿರಲಿಲ್ಲ. ನಾನು ತೋರಿಸುತ್ತ ಹೋದೆ; ಅವರು ಎರಡನೇ ಗೇರಿನಲ್ಲೇ, ಹಾರನ್ನಿನಿಂದ ಕೈ ತೆಗೆಯದೆ, ತುರ್ತು ವಿಭಾಗದ ಮೊದಲ ಮೆಟ್ಟಿಲನ್ನೂ ಹತ್ತಿಸಿ ಕಾರು ನಿಲ್ಲಿಸಿದರು.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಡಾಕ್ಟರು ಮಣಿಕಟ್ಟಿನಲ್ಲಿ ಸಣ್ಣ ತೂತು ಮಾಡಿ, ತಂತಿ ತೂರಿಸಿ, ಸ್ಟೆಂಟ್ ಕೂರಿಸಿ ನನ್ನನ್ನು ಉಳಿಸಿದರು. ಎಚ್ಚರವಾದಾಗ ಮಂಚದ ಪಕ್ಕ ಮಗಳು ಅತ್ತು ಊದಿಕೊಂಡ ಕಣ್ಣಲ್ಲಿ ಕೂತಿದ್ದಳು. ಹೆದರಬೇಡ, ನಾನು ಮನೆಯಲ್ಲಿ ಕೂತರೂ ಮನೆ ನಡೆಯುತ್ತದೆ, ವಿಮೆ ಇದೆಯಲ್ಲ ಎಂದು ಅವಳಿಗೆ ಧೈರ್ಯ ಹೇಳಿದೆ. ಮಾನ್ಯರೇ, ಆ ಕ್ಷಣದಲ್ಲಿ ನಾನು ದೇವರಿಗಿಂತ ಹೆಚ್ಚು ನಂಬಿದ್ದು ತಮ್ಮನ್ನೇ.

ಆದರೆ ಎದೆ ಕೊಯ್ದರೆ ಮಾತ್ರ ಕಾಯಿಲೆ ಗಂಭೀರ, ಕೈಯ ದಾರಿ ಹಿಡಿದರೆ ಅದು ಬರೀ ರಿಪೇರಿ ಎಂಬ ವೈದ್ಯಶಾಸ್ತ್ರವನ್ನು, ಪರಿಹಾರ ಕೊಡಲಾಗದೆಂದು ಬರೆದ ತಮ್ಮ ಪತ್ರದಿಂದಲೇ ಕಲಿತೆ. ಡಾಕ್ಟರು ಅಷ್ಟು ವರ್ಷ ಓದಿಯೂ ಇದನ್ನು ತಿಳಿಯದೆ ಹೋದರಲ್ಲ ಎಂದು ವ್ಯಥೆಯಾಯಿತು. ವಿಚಾರಿಸಲು ಬಂದ ನನ್ನ ಹೆಂಡತಿಗೆ ತಮ್ಮ ಕೌಂಟರಿನ ಹುಡುಗಿ ಕುರ್ಚಿ ಕೊಟ್ಟು, ನೀರು ಕೊಟ್ಟು, “ಎದೆ ಓಪನ್ ಮಾಡ್ಸಿದ್ರೆ ಖಂಡಿತ ಸಿಗ್ತಿತ್ತು ಆಂಟಿ” ಎಂದು ಮರುಗಿದಳಂತೆ. “ಮುಂದಿನ ಸಲ ಮನೇಲೇ ಕೊಯ್ದು ಕರ್ಕೊಂಡ್ ಬರ್ತೀನಿ ಬಿಡಮ್ಮ” ಎಂದು ಇವಳು ಎದ್ದು ಬಂದಳು. ಅಂದಿನಿಂದ ಅಡುಗೆಮನೆಯಲ್ಲಿ ಚಾಕು ಮಸೆಯುವ ಸದ್ದಾದರೆ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ.

ಆದ್ದರಿಂದ ಮುಂದಿನ ಹೃದಯಾಘಾತಕ್ಕೆ ತಮ್ಮ ಪ್ರತಿನಿಧಿಯೊಬ್ಬರನ್ನು ಮುಂಚಿತವಾಗಿಯೇ ಕಳುಹಿಸಿ, ಚಾಕು ಎಷ್ಟು ಆಳಕ್ಕೆ ಇಳಿಯಬೇಕೆಂದು ಡಾಕ್ಟರಿಗೂ, ಯಾವ ಷರತ್ತಿನಂತೆ ನಿಲ್ಲಬೇಕೆಂದು ನನ್ನ ಹೃದಯಕ್ಕೂ ವಿವರಿಸಿ ಹೇಳಿಸಬೇಕಾಗಿ ಪ್ರಾರ್ಥನೆ.

ನಮ್ಮ ಚಿಂತೆ ತಮಗೆ ಬೇಡ. ಕಾರಿನ ಎಡಬದಿಯಲ್ಲಿ ಕಲಿಸುವವರಿಗೆಂದೇ ಇರುವ ಬ್ರೇಕಿನ ಮೇಲೆ ಈಗ ಹೆಂಡತಿಯ ಕಾಲಿದೆ. ಅವಳ ಶಿಷ್ಯರಲ್ಲಿ ಯಾರೂ ನಪಾಸಾಗಿಲ್ಲ. ಭೂಗೋಳದ ಟೀಚರೂ ಪಾಸಾದರು.

ಕೈಯ ದಾರಿಯಲ್ಲಿ ಬದುಕಿ ಬಂದ,
ವಿಶ್ವಾಸ ಚೂರುಪಾರು ಉಳಿದಿರುವ ತಮ್ಮ ವಿಶ್ವಾಸಿ,
ಡ್ರೈವಿಂಗ್ ಸ್ಕೂಲ್ ಮೇಷ್ಟ್ರು

ವಿ.ಸೂ.: ನಿನ್ನೆ ತಮ್ಮ ಕಚೇರಿಯ ಪಕ್ಕದ ಮೇಜಿನಿಂದ ಇನ್ನೊಂದು ಪತ್ರ ಬಂತು. ನಾನೀಗ ಗಂಭೀರ ಹೃದ್ರೋಗಿಯಾದ್ದರಿಂದ ನನ್ನ ಕಂತು ಏರಿಸಲಾಗಿದೆಯಂತೆ. ಎರಡೂ ಪತ್ರಗಳನ್ನು ಒಂದೇ ಪಿನ್ನಿಗೆ ಚುಚ್ಚಿ, ವಿಮೆಯ ದೂರು ಕೇಳುವ ಮೇಲಿನವರಿಗೆ ಕಳುಹಿಸಿದ್ದೇನೆ. ಅವರು ತಮ್ಮಿಬ್ಬರನ್ನೂ ಕರೆಯುವುದರೊಳಗೆ ದಯವಿಟ್ಟು ಆ ಪಕ್ಕದ ಮೇಜಿನವರ ಪರಿಚಯ ಮಾಡಿಕೊಳ್ಳಿ.