ಕಳ್ಳ ಹಾಕಿದ ಬೀಗ

ಬೀದರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ನಗುವುದಕ್ಕೆ ಬರವಿಲ್ಲ. ಯಾರಾದರೊಬ್ಬರು ಅಳುತ್ತಾ ಬಂದು ನಗಿಸಿ ಹೋಗುತ್ತಲೇ ಇರುತ್ತಾರೆ. ಇತ್ತೀಚೆಗೆ ಅವರನ್ನು ಅಳಿಸುತ್ತಿರುವುದು ರ‍್ಯಾನ್ಸಮ್‌ವೇರ್. ಈ ಕಳ್ಳ ಒಳಗೆ ಬಂದು ಏನನ್ನೂ ಹೊತ್ತೊಯ್ಯುವುದಿಲ್ಲ. ಕಂಪ್ಯೂಟರಿನೊಳಗಿನ ಫೈಲುಗಳೆಂಬ ನಮ್ಮ ಕಪಾಟುಗಳಿಗೇ ತನ್ನ ಬೀಗ ಜಡಿದು, ಕೀಲಿ ಬೇಕಿದ್ದರೆ ದುಡ್ಡು ಕೊಡಿ ಎನ್ನುತ್ತಾನೆ. ಕೊಟ್ಟರೂ ಕೀಲಿ ಬರುತ್ತದೆಂಬ ಖಾತ್ರಿಯಿಲ್ಲ. ಇದನ್ನು ಅಂಗಡಿ ಅಂಗಡಿಗೆ ಹೋಗಿ ತಿಳಿಸಿ ಹೇಳುವುದೂ ನನ್ನ ಕೆಲಸ. ನಮ್ಮ ಜನ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಯಾರ ಪೈಕಿ?

ಚಿದ್ರಿಯ ಪೈಪು-ನಲ್ಲಿ ಅಂಗಡಿಯವರಿಗೆ ಗುರುತಿಲ್ಲದವರ ಮೇಲ್ ತೆರೆಯಬೇಡಿ ಎಂದು ಹೇಳಿ ಬಂದಿದ್ದೆ. ಕೆಲವೇ ದಿನಗಳಲ್ಲಿ ಫೋನು ಬಂತು. ಹೋಗಿ ನೋಡಿದರೆ ಪರದೆಯ ತುಂಬ ಕೆಂಪು ಅಕ್ಷರ, ಒಂದು ಫೈಲೂ ತೆರೆಯುತ್ತಿಲ್ಲ.

"ತೆರೀಬ್ಯಾಡ್ರಿ ಅಂದಿದ್ದಿಲ್ಲೇನ್ರಿ?"

"ಗುರ್ತಿಲ್ಲದವರದು ತೆರೀಬ್ಯಾಡ ಅಂದ್ರಿ. ಅದಕ್ಕೇ ಮೊದಲ ಗುರ್ತ ಮಾಡ್ಕೊಂಡೆ. ಯಾವೂರು, ಯಾರ ಪೈಕಿ, ಎಲ್ಲಾ ಬರ್ದು ಕೇಳ್ದೆ. ಅವಂದೂ ಪೈಪಿನ ಧಂದಾನೇ ಅಂತ. ಮನಿ ಮಂದಿ ಆರಾಮ ಅದಾರೇನಂತ ಕೇಳಿದನ್ರಿ! ಆಮ್ಯಾಲೇ ತೆರದೆ."

ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟೆ. ಚಹಾ ಕೊಡುತ್ತಾ ಅವರು ಗೊಣಗಿದರು: "ಅಂಥಾ ಮನುಷ್ಯ ಹಿಂಗ ಮಾಡ್ಯಾನಂದ್ರ ನಂಬಲಿಕ್ಕೇ ಆಗವಲ್ದು. ಅವನ ಕಂಪ್ಯೂಟರಿಗೂ ಏನರ ಆಗ್ಯಾದೇನೋ, ಒಮ್ಮಿ ಕೇಳ್ಲೇನ್ರಿ?"

ಶುಕ್ರವಾರದ ಲಕ್ಷ್ಮಿ

ಔರಾದಿನ ಫೋಟೊ ಸ್ಟುಡಿಯೋದವನು ಬಲು ಜಾಣ. ಮದುವೆ ಫೋಟೊಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ನಾನು ಹೇಳಿದಂತೆ ಕಂಪ್ಯೂಟರಿನಿಂದ ಬಿಚ್ಚಿ, ಜನವಾಡದಲ್ಲಿ ತನ್ನ ಅತ್ತೆಯ ಮನೆಯಲ್ಲಿಟ್ಟಿದ್ದ. ಕಂಪ್ಯೂಟರಿಗೆ ಬೀಗ ಬಿದ್ದ ದಿನ ನಾವಿಬ್ಬರೂ ನಗುನಗುತ್ತಲೇ ಜನವಾಡಕ್ಕೆ ಹೋದೆವು. ಡಿಸ್ಕು ಅರಿಶಿಣ-ಕುಂಕುಮ ಹಚ್ಚಿಸಿಕೊಂಡು ದೇವರ ಜಗುಲಿಯ ಮೇಲೆ ಕೂತಿತ್ತು.

"ಇವತ್ತು ಶುಕ್ರವಾರ, ದೀಪಾ ಹಚ್ಚೀನಿ. ಮನ್ಯಾಗಿನ ಲಕ್ಷ್ಮಿ ಹೊರಗ ಕೊಡಂಗಿಲ್ಲ," ಎಂದರು ಅತ್ತೆ.

"ಅತ್ತಿ, ಅದ್ರಾಗ ಬರೇ ಫೋಟೊ ಅವರಿ."

"ನಿಮ್ಮ ಹೊಟ್ಟಿ ಅದ್ರಿಂದಾನೇ ತುಂಬ್ತದಲ್ರಿ? ಹಂಗಾರ ಲಕ್ಷ್ಮಿನೇ. ನಾಳಿ ಒಯ್ರಿ."

ಬಿಸಿ ರೊಟ್ಟಿ, ಪುಂಡಿ ಪಲ್ಯ ಉಂಡು ಬರಿಗೈಲಿ ತಿರುಗಿದೆವು. ಬೈಕಿನ ಹಿಂದೆ ಕೂತ ಅಳಿಯ ಹೇಳಿದ: "ಕಳ್ಳನರ ರೊಕ್ಕ ಕೊಟ್ರ ಬಿಟ್ಟಾನು. ನಮ್ಮತ್ತಿ ಯಾತಕ್ಕೂ ಬಿಡಂಗಿಲ್ರಿ."

ಸ್ಯಾಂಪಲ್

ಭಾಲ್ಕಿಯಲ್ಲಿ ತೊಗರಿ-ಕಡಲೆಯ ವ್ಯಾಪಾರ ಮಾಡುವ ಸಾಹುಕಾರರೊಬ್ಬರ ಅಂಗಡಿಯ ಕಂಪ್ಯೂಟರಿಗೂ ಈ ಬೀಗ ಬಿತ್ತು. ವ್ಯಾಪಾರದ್ದೆಲ್ಲ ನಕಲು ನನ್ನ ಬಳಿ ಭದ್ರವಾಗಿತ್ತು. ಇಲ್ಲದ್ದು ಒಂದೇ, ಅವರ ಮಗಳ ಲಗ್ನಪತ್ರಿಕೆ. ಅದರಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕೆಂದು ಸಾಯಗಾಂವದಲ್ಲಿರುವ ಅವರ ಅಣ್ಣತಮ್ಮಂದಿರೂ ಭಾವಂದಿರೂ ವಾರಗಟ್ಟಲೆ ಜಗಳಾಡಿ ಕೊನೆಗೆ ಒಪ್ಪಿದ್ದರು. ಇನ್ನೇನು ಪ್ರೆಸ್ಸಿಗೆ ಕಳಿಸಬೇಕು, ಅಷ್ಟರಲ್ಲಿ ಹೀಗಾಯಿತು.

"ಮತ್ತ ಎಲ್ರನ್ನೂ ಕೂಡ್ಸಿ ಹೆಸರು ಬರ್ಸ್ಲಿಕ್ಕೆ ಕೂತ್ರ ಮದ್ವಿನೇ ಮುರೀತದ್ರಿ," ಎಂದು ಸಾಹುಕಾರರು ತಲೆಯ ಮೇಲೆ ಕೈಹೊತ್ತು ಕೂತರು. ನನಗೂ ಪಾಪ ಎನ್ನಿಸಿತು.

ಕಳ್ಳರ ಮೇಲ್ ವಿಳಾಸ ಪರದೆಯ ಮೇಲೇ ಇತ್ತು. ಅವರ ಜೊತೆ ಮಾತೇ ಬೇಡ ಎಂದೆ. ಸಾಹುಕಾರರು ಕೇಳಬೇಕಲ್ಲ! ಚೀಲದಿಂದ ಒಂದು ಹಿಡಿ ತೆಗೆದು ನೋಡದೆ ತೊಗರಿ ಕೊಂಡ ಮನುಷ್ಯರೇ ಅಲ್ಲ ಅವರು.

"ಸ್ಯಾಂಪಲ್ ನೋಡದೇ ರೇಟ ಮಾತಾಡೋ ರಿವಾಜ ನಮ್ಮಲ್ಲಿಲ್ಲ ಅಂತ ಬರೀರಿ," ಎಂದರು.

ಬರೆದೆ. ಕಳ್ಳರಲ್ಲೂ ಅದೇ ರಿವಾಜಂತೆ! ಕೀಲಿ ನಡೆಯುತ್ತದೆಂದು ತೋರಿಸಲು ಒಂದು ಫೈಲನ್ನು ಪುಕ್ಕಟೆ ತೆರೆದುಕೊಡುತ್ತೇವೆ, ಕಳಿಸಿ ಎಂದರು. ಸಾಹುಕಾರರು ಲಗ್ನಪತ್ರಿಕೆಯನ್ನೇ ಕಳಿಸಿದರು. ಸಂಜೆಯೊಳಗೆ ಅದು ಸುಖವಾಗಿ ತೆರೆದು ಬಂತು.

"ಮಾಲು ಛಲೋ ಅದ, ಆದ್ರ ಉಳಿದದ್ದು ನಮಗ ಬ್ಯಾಡ ಅಂತ ಬರೀರಿ," ಎಂದು ಸಾಹುಕಾರರು ಪೇಡಾ ತರಿಸಿದರು. ಅವರ ಮುಖ ನೋಡಿ ನನಗೂ ಖುಷಿಯೋ ಖುಷಿ.

ಸುದ್ದಿ ತಿಳಿದು ಸಾಯಗಾಂವದ ಮಂದಿಯೆಲ್ಲ ಬಂದಿಳಿದರು. ಸಾಹುಕಾರರ ಹಿರಿಯಣ್ಣ ಪರದೆಯ ಹತ್ತಿರ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಪತ್ರಿಕೆ ಓದಿದರು.

"ನನ್ನ ಹೆಸರು ಕೆಳಗ್ಯಾಕ ಅದ?"

"ಮೊದಲಿಂದ ಅಲ್ಲೇ ಅದ ಅಣ್ಣಾ. ನೀವೇ ಒಪ್ಪಿದ್ರಿ."

"ನಾ ಯಾವಾಗ ಒಪ್ಪೇನಿ?"

ಭಾವಂದಿರು ಕುರ್ಚಿ ಎಳೆದುಕೊಂಡರು. ದನಿಗಳು ಏರತೊಡಗಿದವು. ಸಾಹುಕಾರರು ಮೆಲ್ಲಗೆ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

"ಆ ಕಳ್ಳರಿಗೆ ಒಂದು ಮಾತು ಬರ್ದು ಕೇಳ್ರಿ," ಎಂದರು. "ಇದನ್ನ ವಾಪಸ್ ಬೀಗಾ ಹಾಕ್ಲಿಕ್ಕೆ ಎಷ್ಟು ತಗೋತಾರಂತ."