ಅಂಟು ಕುಡಿದ ಮೋಟಾರು

ನನ್ನ ಹೆಂಡತಿ ಶಿವಗಂಗವ್ವ ಮೋಟಾರಿನ ಮೈಮುಟ್ಟಿ ರೋಗ ಹೇಳಬಲ್ಲಳು ಎಂದು ಹುಕ್ಕೇರಿಯ ಬೀಗರ ಓಣಿಯಲ್ಲಿ ಇವತ್ತಿಗೂ ಮಾತಾಡಿಕೊಳ್ಳುತ್ತಾರೆ. ಖರೆ ಮಾತು, ನಾನೇ ಸಾಕ್ಷಿ. ಆದರೆ ವೈದ್ಯರಿಗೆ ಹೆಸರು ಬರಬೇಕಾದರೆ ಮೊದಲು ಯಾರಾದರೂ ರೋಗ ತಂದುಕೊಡಬೇಕಲ್ಲ? ಆ ಭಾರ ಹೊತ್ತವನು ನಾನು. ಅದನ್ನು ಮಾತ್ರ ಒಬ್ಬರೂ ಸರಿಯಾಗಿ ಹೇಳುವುದಿಲ್ಲ.

ಆಗ ಗೋಕಾಕದಲ್ಲಿ ಮೋಟಾರು ಇದ್ದವರು ಬೆರಳೆಣಿಕೆಯ ಮಂದಿ. ಹತ್ತಿ ವ್ಯಾಪಾರದ ಉದ್ದಪ್ಪ, ಅಂದರೆ ನಾನು, ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರಿಂದ ಹಳೆಯದೊಂದನ್ನು ಕೊಂಡೆ. ಅದು ಮನೆಯ ಮುಂದೆ ಬಂದು ನಿಂತ ದಿನ ನಾನೇ ಅದಕ್ಕೆ ಕೈಮುಗಿದೆ. (ಯಾರಾದರೂ ಕಂಡರೋ ಎಂದು ಸುತ್ತ ನೋಡಿದರೆ, ಕಂಡವರೂ ಮುಗಿಯುತ್ತಿದ್ದರು.) ಎತ್ತಿಲ್ಲ, ಕುದುರೆಯಿಲ್ಲ, ಹೊಟ್ಟೆಯಲ್ಲಿ ಬೆಂಕಿ, ಎದೆಯಲ್ಲಿ ನೀರು. ಇಂಥದೊಂದು ಮಹಾಪ್ರಾಣಿ ಗುಡುಗುತ್ತ ನನ್ನ ಕೈಮಾತು ಕೇಳುತ್ತದಲ್ಲ ಎಂದು ನನಗೆ ದಿನಾಲೂ ಹೊಸ ಬೆರಗು.

ಆ ಎದೆಯ ನೀರೇ ಸೋರತೊಡಗಿತು. ಮೋಟಾರಿನ ಮುಂದುಗಡೆ ಜಾಳಿಗೆಯಂಥ ನೀರಿನ ಪೆಟ್ಟಿಗೆ ಇರುತ್ತದೆ, ರೇಡಿಯೇಟರು ಎನ್ನುತ್ತಾರೆ. ಅದರ ಬುಡದಲ್ಲಿ ಹನಿ ಹನಿ. ಪೇಟೆಯ ತಗಡಿನ ಕೆಲಸದ ಕೇದಾರಿ ಬಂದು ಬಗ್ಗಿ ನೋಡಿ, ಬಾಯಲ್ಲಿ ತಂಬಾಕು ಇಟ್ಟುಕೊಂಡೇ, "ಇದಕ್ಕ ಅಂಟು ಹಾಕಬೇಕ್ರಿ. ಹಾಕಿದ್ರ ಗಪ್ಪ ನಿಂದರತೈತಿ," ಎಂದು ಹೇಳಿ ಮೂಡಲಗಿ ಸಂತೆಗೆ ಹೊರಟುಹೋದ.

ಅವನು ಹೇಳಿದ್ದು ತವರದ ಬೆಸುಗೆ. ಅದು ನನಗೆ ಹೇಗೆ ಗೊತ್ತಾಗಬೇಕು? ಗೋಕಾಕದಲ್ಲಿ ಹುಟ್ಟಿದವನಿಗೆ ಅಂಟು ಎಂದರೆ ಒಂದೇ, ಕರದಂಟಿನ ಅಂಟು, ತುಪ್ಪದಲ್ಲಿ ಕರಿಯುವ ಮರದ ಅಂಟು. ಅದೂ ಮನೆಯಲ್ಲಿ ಡಬ್ಬಿ ತುಂಬ ಇತ್ತು. ನನ್ನ ಮೈದುನ ಕೆಂಚಪ್ಪನ ಹೆಂಡತಿ ಹುಕ್ಕೇರಿಯ ತನ್ನ ತವರಿನಲ್ಲಿ ಗಂಡುಮಗು ಹಡೆದಿದ್ದಳು. ಬಾಣಂತಿಗೆ ಅಂಟಿನ ಉಂಡಿ ಕಟ್ಟಲೆಂದು ಶಿವಗಂಗವ್ವ ಆರಿಸಿ ಆರಿಸಿ ತರಿಸಿದ್ದ ಮಾಲು ಅದು.

ಉಂಡಿಗಿಂತ ದೊಡ್ಡ ವಿಷಯ ತೊಟ್ಟಿಲದ್ದು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನ ಹೆಂಡತಿಯದು. ಕೆಂಚಪ್ಪನ ಮೊದಲ ಮಗುವಿಗೆ ನಮ್ಮ ಎತ್ತಿನ ಗಾಡಿ ತಡವಾಗಿ, ಅವನ ಚಿಕ್ಕಪ್ಪನ ಮಗಳು ಅಲ್ಲವ್ವ ಹೆಸರಿಟ್ಟುಬಿಟ್ಟಿದ್ದಳು.

"ಈ ಸಲನೂ ಅಕಿನ ಹೆಸರಿಟ್ಳಂದ್ರ ನಾ ಆ ಮಂದಿಗೆ ಮಾರಿ ತೋರಿಸಾಂಗಿಲ್ಲ ನೋಡ್ರಿ," ಎಂದಳು ಶಿವಗಂಗವ್ವ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

"ಮೋಟಾರ ಐತಿ. ಅಲ್ಲವ್ವ ಜಡಿ ಹಾಕ್ಕೊಳ್ಳೂದ್ರಾಗ ನಿನ್ನ ತೊಟ್ಟಲ ಮುಂದ ನಿಂದರಸ್ತೇನಿ," ಎಂದೆ ನಾನು.

ಹಾಗೆಂದ ಮೇಲೆ ಸೋರುವುದನ್ನು ನಿಲ್ಲಿಸಬೇಕಲ್ಲ. ಅವಳು ಹಿತ್ತಲಲ್ಲಿದ್ದಾಗ ಡಬ್ಬಿಯಿಂದ ಬೊಗಸೆ ತುಂಬ ಅಂಟು ತೆಗೆದು, ಕುಟ್ಟಿ, ರೇಡಿಯೇಟರಿನ ಬಾಯಿಗೆ ನೈವೇದ್ಯ ಮಾಡಿದೆ. ಸೋರುವುದು ನಿಂತೇ ಹೋಯಿತು. ವಿಜ್ಞಾನದ ಮಹಿಮೆಗೆ ಮನಸ್ಸಿನಲ್ಲೇ ಸಾಷ್ಟಾಂಗ ಬಿದ್ದೆ. ಒಳಗೆ ಶಿವಗಂಗವ್ವ, "ಅಂಟು ಇಷ್ಟ ಯಾಕಾತು?" ಎಂದು ಡಬ್ಬಿ ಅಲುಗಾಡಿಸುತ್ತಿದ್ದಳು. ಇಲಿ ಇರಬೇಕು ಎಂದೆ.

ತೊಟ್ಟಿಲ ದಿನ ಬೆಳಿಗ್ಗೆ ಹೊರಟೆವು. ಅವಳು ಇಳಕಲ್ ಸೀರೆ ಉಟ್ಟು, ಉಂಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ರಾಣಿಯಂತೆ ಕೂತಿದ್ದಳು. ಹುಕ್ಕೇರಿ ದಾರಿ ಅರ್ಧ ಮುಗಿದಿತ್ತೋ ಇಲ್ಲವೋ, ಮೋಟಾರಿನ ಮೂಗಿನಿಂದ ಬುಸ್ಸೆಂದು ಉಗಿ ಎದ್ದಿತು. ಕೆಮ್ಮಿತು, ನಡುಗಿತು, ನಿಂತಿತು.

ನಾನು ಇಳಿದು ಗಂಭೀರವಾಗಿ ಸುತ್ತಲೂ ತಿರುಗಿದೆ. ಗಾಲಿಗಳನ್ನು ಒದ್ದೆ. ನೀರು ನೋಡಿದರೆ ತುಂಬ ಇತ್ತು. ನೀರಿದ್ದೂ ಯಾಕೆ ಇಷ್ಟು ಕುದಿಯಬೇಕು ಎಂಬುದು ನನಗೆ ತಿಳಿಯದಾಯಿತು.

"ಬಿಸಲಿಗೆ ಕಾದೈತಿ. ತಾನಽ ತಣ್ಣಗಾಕ್ಕೈತಿ," ಎಂದೆ.

"ತಣ್ಣಗಾಗೂದ್ರಾಗ ಅಲ್ಲವ್ವ ಹೆಸರಿಟ್ಟು ಮನಿಗೆ ಹೊಕ್ಕಾಳ. ಸರೀರಿ," ಎಂದು ಅವಳೇ ಇಳಿದು ಬಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಜ್ವರ ಬಂದ ಮಕ್ಕಳನ್ನು ಮುಟ್ಟಿ ನೋಡುವ ಹಾಗೆ ಹಿಂಗೈಯನ್ನು ಜಾಳಿಗೆಯ ಹತ್ತಿರ ಹಿಡಿದು ಮೇಲಿಂದ ಕೆಳಗೆ ಇಳಿಸುತ್ತ ಬಂದಳು. ಎಡಕ್ಕೆ ಮುಟ್ಟಿದಳು, ಬಲಕ್ಕೆ ಮುಟ್ಟಿದಳು.

"ತಲಿ ಸುಡಾಕತ್ತೈತಿ, ಕಾಲು ತಣ್ಣಗದಾವು. ನಡಬರಕ ಎಲ್ಲೋ ಕಟ್ಟೇತಿ. ಮ್ಯಾಲಿನ ನೀರು ಕೆಳಗ ಇಳಿಯಾಂಗಿಲ್ಲ," ಎಂದಳು.

ನನ್ನ ಮೈಮೇಲೆ ಮುಳ್ಳೆದ್ದವು. ಮೋಟಾರನ್ನು ಅಲ್ಲಿಯತನಕ ಒಂದು ಸಲವೂ ಮುಟ್ಟದ ಕೈ ಅದು.

ಪಕ್ಕದ ಹೊಲದಲ್ಲಿ ಬೀರಸಿದ್ದಪ್ಪ ಎಂಬ ರೈತ ಎತ್ತು ಹೂಡಿ ಬಾವಿಯಿಂದ ಮೊಟ್ಟೆಯಲ್ಲಿ ನೀರೆತ್ತುತ್ತಿದ್ದ. ತೊಗಲಿನ ಮೊಟ್ಟೆ ಮೇಲೆ ಬಂದೊಡನೆ ನೀರು ದಬದಬ ಎಂದು ಕಾಲುವೆಗೆ ಬೀಳುತ್ತಿತ್ತು. ಅದನ್ನು ನೋಡಿ ಶಿವಗಂಗವ್ವ ನನ್ನ ಕಡೆ ತಿರುಗಿದಳು.

"ಈ ನೀರಿನ ಪೆಟಗಿ ಬಿಚ್ಚರಿ."

"ಬಿಚ್ಚಾಕ ಬರ್ತೈತಿ, ಹೊಳ್ಳಿ ಜೋಡಸಾಕ..."

"ಬಿಚ್ಚರಿ ಅಂದೆ."

ಬಿಚ್ಚಿದೆ. ಹೊತ್ತುಕೊಂಡು ಬಾವಿಗೆ ಹೋಗಿ, ಬಾಯಿ ಮೇಲೆ ಮಾಡಿ ನೀರಿಗೆ ಹಿಡಿದೆ. ಒಂದು ತೊಟ್ಟೂ ಕೆಳಗಿಳಿಯಲಿಲ್ಲ.

"ಸಾಣಿಗಿ ಕಣ್ಣು ಕಟ್ಟಿದ್ರ ಮ್ಯಾಲಿಂದ ಮತ್ತಽ ಹಿಟ್ಟು ಸುರೀತಾರೇನ್ರಿ? ಬೋರಲ ಹಾಕಿ ಬಡೀತಾರ. ತಲಿ ಕೆಳಗ ಮಾಡ್ರಿ."

ಬೀರಸಿದ್ದಪ್ಪನ ಗುಡಿಸಲಿನ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಅವಳೇ ತಂದು, ಕೆಳಗಿನ ಬಾಯಿಂದ ಹೊಯ್ದು, ನೆನೆಯಲು ಬಿಟ್ಟಳು. ಆಮೇಲೆ ಮೊಟ್ಟೆಯ ನೀರಿಗೆ ತಲೆಕೆಳಗಾಗಿ ಹಿಡಿಸಿದಳು. ಮೊದಲು ಗೊರಗೊರ ಶಬ್ದ. ಮತ್ತೊಂದು ಮೊಟ್ಟೆ ಬಿತ್ತು. ಒಳಗಿಂದ ಪಚಕ್ಕನೆ ಒಂದು ಮುದ್ದೆ ಹಾರಿ ನನ್ನ ಅಂಗಿಯ ಮೇಲೆ ಕೂತಿತು. ಅದರ ಹಿಂದೆ ನೀರು ಎಲ್ಲ ಸಂದುಗಳಿಂದ ಒಮ್ಮೆಲೇ ಧುಮುಕಿತು. ಗೋಕಾಕದ ಫಾಲ್ಸನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅದೂ ನನ್ನನ್ನು ಅಷ್ಟು ದಂಗುಬಡಿಸಿಲ್ಲ.

"ಇದು ಭಗವಂತನ ಲೀಲಾನಽ ಸರಿ," ಎಂದೆ.

ಶಿವಗಂಗವ್ವ ನನ್ನ ಅಂಗಿಯ ಮೇಲಿನ ಮುದ್ದೆಯನ್ನು ಎರಡು ಬೆರಳಲ್ಲಿ ತೆಗೆದು ಎಳೆದು ನೋಡಿದಳು. ಎಳೆ ಎಳೆಯಾಗಿ ಬಂತು. ಮೂಸಿದಳು. ನನ್ನ ಮುಖ ನೋಡಿದಳು.

ರೇಡಿಯೇಟರನ್ನು ಹೇಗೆ ಜೋಡಿಸಿದೆನೋ ನನಗೆ ನೆನಪಿಲ್ಲ. ಸೋರುವುದು ಮತ್ತೆ ಶುರುವಾಗಿತ್ತು, ಬೀರಸಿದ್ದಪ್ಪನ ಕೊಡವೊಂದನ್ನು ಇಸಕೊಂಡು ದಾರಿಯುದ್ದಕ್ಕೂ ನೀರು ಕುಡಿಸುತ್ತ ಹೋದೆವು. ಅಷ್ಟು ದೂರವೂ ಅವಳು ಕೊಡ ಬಿಗಿಹಿಡಿದು ದಾರಿಯನ್ನೇ ನೋಡುತ್ತ ಕೂತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾವು ಬೀಗರ ಮನೆಯೊಳಗೆ ಕಾಲಿಟ್ಟಾಗ ಅಲ್ಲವ್ವ ತೊಟ್ಟಿಲಿಗೆ ಬಗ್ಗಿಯಾಗಿತ್ತು. "ನಿಂದರ ನಮ್ಮವ್ವಾ," ಎಂದು ಶಿವಗಂಗವ್ವ ಕೆಸರುಗೈಯಲ್ಲೇ ನುಗ್ಗಿ, ಕೈಯನ್ನು ಇಳಕಲ್ ಸೀರೆಗೆ ಒರಸಿ, ಮಗುವಿನ ಕಿವಿಗೆ ಬಾಯಿಟ್ಟು "ಕುರ್ರ್, ಮಲ್ಲಸರ್ಜ" ಎಂದಳು. ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿದರು. ಅವಳು ನಗುತ್ತ ಅಳುತ್ತಿದ್ದಳು. ನಾನು ಮೀಸೆ ತಿರುವಿದೆ, ನನ್ನ ಮೋಟಾರು ಮಾತು ಉಳಿಸಿತಲ್ಲ ಎಂದು.

ಆಗ ಬಾಣಂತಿಯ ಅಜ್ಜಿ ಕಾಶೆವ್ವ ಕೇಳಿದಳು, "ಇಷ್ಟ್ಯಾಕ ತಡಾ ಆತು, ಮಗಳ?"

"ಏನ ಹೇಳ್ಲೆವ್ವಾ. ನಿಮ್ಮ ಬಾಣಂತಿಗಿಂತ ಮೊದಲ ಇವರು ಮೋಟಾರಿನ ಬಾಣಂತನ ಮಾಡಿದ್ರು. ಡಬ್ಬಿಯೊಳಗಿನ ಅಂಟು ಅದಕ್ಕ ತಿನ್ನಿಸ್ಯಾರ."

ನಾನು ಮೆಲ್ಲಗೆ ಕಂಬದ ಮರೆಗೆ ಸರಿದೆ. ಕಾಶೆವ್ವ ಬಹಳ ಕಾಳಜಿಯಿಂದ, "ಹಡದದ್ದೇನ ಮತ್ತ? ಗಂಡೋ, ಹೆಣ್ಣೋ?" ಎಂದಳು.

"ಗಂಡು. ಅಲ್ಲೆ ಕಂಬದ ಮರೀಗೆ ನಿಂತೈತಿ ನೋಡ್ರಿ, ಮೀಸಿ ಬಂದ ಕೂಸು," ಎಂದಳು ಶಿವಗಂಗವ್ವ.

"ಹಂಗಾರ ಅದಕ್ಕೂ ಹೆಸರಿಡಬೇಕಲ್ಲ," ಎಂದಳು ಅಲ್ಲವ್ವ. ಕೈತಪ್ಪಿದ ಹಕ್ಕನ್ನು ಅವಳು ಬಿಡುವವಳಲ್ಲ. ನನ್ನನ್ನು ಹಿಡಿದು ತೊಟ್ಟಿಲ ಪಕ್ಕ ಕೂಡಿಸಿದರು. ಅಲ್ಲವ್ವ ನನ್ನ ಕಿವಿಯಲ್ಲಿ "ಕುರ್ರ್, ಅಂಟಪ್ಪ" ಎಂದಳು. ಇನ್ನುಳಿದವರು ಗುದ್ದಿದರು. ಈ ಸಲ ಹೆಸರಿಟ್ಟವಳ ಬೆನ್ನಿಗಲ್ಲ, ನನ್ನ ಬೆನ್ನಿಗೆ.

ಆ ಮಗು ಈಗ ಸಾಲಿಗೆ ಹೋಗುತ್ತದೆ. ಮಲ್ಲಸರ್ಜ ಎಂಬ ಹೆಸರು ಯಾರ ನೆನಪಿನಲ್ಲೂ ಇಲ್ಲ, ಎಲ್ಲರೂ ಗುಂಡ್ಯಾ ಎನ್ನುತ್ತಾರೆ. ಮೊನ್ನೆ ಹುಕ್ಕೇರಿಗೆ ಹೋದಾಗ ಓಡಿಬಂದು, "ಅಂಟಪ್ಪ ಮಾಮಾ ಬಂದ್ರು," ಎಂದು ಓಣಿಗೆಲ್ಲ ಸಾರಿತು. ಅವತ್ತು ಇಟ್ಟ ಎರಡು ಹೆಸರುಗಳಲ್ಲಿ ನನ್ನದೇ ಗಟ್ಟಿಯಾಗಿ ಅಂಟಿಕೊಂಡಿದೆ.